ಹಿಂಬದಿಯ ಏಸಿ

ಕಾರಿನ ಏಸಿಗೆ ಗ್ಯಾಸ್ ತುಂಬಿಸಲು ಮದ್ದೂರಿನ ಗ್ಯಾರೇಜಿಗೆ ಬಂದು ಕಾಯುತ್ತಿದ್ದ ಶೋಭಿತಾಳ ಕಿವಿಗೆ ಪಕ್ಕದ ವ್ಯಾನಿನ ಬಳಿಯ ಮಾತು ಬೇಡವೆಂದರೂ ಬೀಳುತ್ತಿತ್ತು. ಹಾಸಿಗೆ ಹಿಡಿದ ಹೆಂಡತಿಗೆಂದು ಹಿಂಬದಿಯಲ್ಲಿ ಮಂಚ ಹಾಕಿಸಿದ ಆ ವ್ಯಾನು ವಾರದಿಂದ ಅಲ್ಲೇ ಇತ್ತು. ಒಡೆಯ ಬೆಳಕವಾಡಿಯ ಹೊನ್ನಯ್ಯ.

“ಮುಂದ್ಲುದೂ ಇಂದ್ಲುದೂ ಎಲ್ಡು ಏಸಿನೂ ರೆಡಿ, ಯಜಮಾನ್ರೆ. ಅಮ್ಮಾವ್ರು ಮಲಗಿದ್ದಂಗೇ ಆನ್ ಮಾಡ್ಕಬೋದು. ಸ್ವಿಚ್ಚ ಮಂಚದ ತಾವ್ಲೇ ಮಡಗಿವ್ನಿ,” ಎಂದ ಮೆಕ್ಯಾನಿಕ್ ಶಿವರಾಜು.

“ಇಂದ್ಲುದು ಆನ್ ಮಾಡಪ್ಪ. ಮುಂದ್ಲುದು ಬ್ಯಾಡ.”

“ಸಮುದ್ರ ನೋಡ್ಬೇಕು ಅಂತಿದ್ರಂತಲ್ಲ ಅಮ್ಮಾವ್ರು, ಯಾವಾಗ ಕರ್ಕಂಡೋಗ್ತೀರಿ?” ಸ್ವಿಚ್ಚು ಒತ್ತುತ್ತಾ ಕೇಳಿದ ಶಿವರಾಜು.

“ಈಗ್ಲೇ ಒಂಟಿವ್ನಿ.”

“ಅವ್ರೆಲ್ಲಿ?”

ಹೊನ್ನಯ್ಯ ಕೈಚೀಲದಿಂದ ಒಂದು ಮಣ್ಣಿನ ಕುಡಿಕೆ ತೆಗೆದ. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅದನ್ನು ಮಂಚದ ಮೇಲೆ, ದಿಂಬಿಗೆ ಒರಗಿಸಿ ಇಟ್ಟ.

ಶಿವರಾಜುವಿನ ಕೈ ತಾನಾಗಿ ಸ್ವಿಚ್ಚಿನತ್ತ ಹೋಯಿತು.

“ಆಫ್ ಮಾಡ್ಬ್ಯಾಡ ಕಣಪ್ಪ. ಒಸಿ ಸೆಕೆ ಆದ್ರೂ ತಡ್ಕತಿರ್ಲಿಲ್ಲ ಅವ್ಳು. ಅಂತೋಳ್ನ ಮೊನ್ನೆ ಬೆಂಕಿಗೆ ಆಕ್ಬುಟ್ಟೆ.”

ಹೊನ್ನಯ್ಯ ಹೆಗಲ ಮೇಲಿನ ಟವೆಲಿನಲ್ಲಿ ಬೆವರು ಒರೆಸಿಕೊಂಡು, ವ್ಯಾನನ್ನು ಮೆಲ್ಲಗೆ, ಕುಡಿಕೆ ಅಲುಗದಂತೆ, ಹೆದ್ದಾರಿಯತ್ತ ತಿರುಗಿಸಿದ.