ಕೊಕ್ಕರೆ ಮರದ ತಿರುವು

ಮದ್ದೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಖಾಲಿ ಫ್ಲಾಸ್ಕ್ ಹಿಡಿದಿದ್ದವರು ಕೊಕ್ಕರೆ ಬೆಳ್ಳೂರಿನ ಕರಿಸಿದ್ದಯ್ಯ, ಇನ್ನೊಬ್ಬರು ಅವರ ಗೆಳೆಯ ಹಲಗೂರಿನ ಜವರಯ್ಯ ಎಂದು ಮಾತಿನಿಂದಲೇ ತಿಳಿಯಿತು. ಮೊದಲು ಕೇಳಿದ್ದು ಜವರಯ್ಯ.

"ನಿಮ್ಮೂರ್ ರೋಡು ಆಯ್ತೇನ್ಲಾ?"

"ಆಯ್ತು ಕಣ್ಲಾ. ನಮ್ಮನೆ ತಾವ ಮಾತ್ರ ಸೊಟ್ಟಕೆ ಓಯ್ತದೆ."

"ಅದ್ಯಾಕ್ಲಾ?"

"ಉಣ್ಸೆಮರ ಅಡ್ಡ ಇತ್ತು. ಮರದ್ ತುಂಬ ಕೊಕ್ಕರೆ ಗೂಡು."

"ಕಡ್ದಾಕಿದ್ರೆ ನೇರಕ್ಕೆ ಓಯ್ತಿತ್ತು."

"ನಾನೂ ಅಂಗೇ ಅಂದೆ. ರೋಡ್ ಬೇಕು ಅಂತ ಆಪೀಸ್ ಆಪೀಸ್ ಅಲ್ದೋನೇ ನಾನು. ನಮ್ಮವ್ವ ಬುಡ್ನಿಲ್ಲ. ಎರಿಗೆಗೆ ಅಂತ ತವ್ರಿಗೆ ಬಂದವೆ, ಅವುಗಳ ಮನೆ ಕೆಡವ್ತೀರಾ ಅಂದ್ಲು."

"ಇಂಜಿನಿಯರ್ರು ಒಪ್ಪುದ್ರಾ?"

"ಬಳಸ್ಕಂಡ್ ಓಗಕೆ ಜಾಗ ಇಲ್ಲ ಅಂದ್ರು. ನಮ್ ಕೊಟ್ಗೆ ಐತಲ್ಲ, ಅದ್ನ ಕೆಡವ್ಕಳಿ ಅಂದ್ಲು ಅವ್ವ."

"ಈಗ ದನ ಎಲ್ ಕಟ್ತೀಯ?"

"ನಡುಮನೇಲಿ. ನಾನು ಜಗುಲಿ ಮೇಲೆ ಮಲಗ್ತೀನಿ."

ಜವರಯ್ಯ ನಗಲಿಲ್ಲ. "ಗಟ್ಟಿ ಎಂಗ್ಸು ಕಣ್ಲಾ ನಿಮ್ಮವ್ವ" ಎಂದರು.

"ಮೊನ್ನೆ ಮಗ್ಳಿಗೆ ನೋವು ಕಾಣಿಸ್ಕಂಡಾಗ ಆಂಬುಲೆನ್ಸು ಬಾಗ್ಲಿಗೇ ಬಂತು. ಇಲ್ಲೇ ಆಸ್ಪತ್ರೇಲಿ ಎಣ್ಮಗು ಆಯ್ತು. ಆ ರೋಡ್ ಇಲ್ದಿದ್ರೆ ಏನಾಯ್ತಿತ್ತೋ."

"ಮನೆಗೆ ಯಾವಾಗ ಕರ್ಕಂಡೋಯ್ತೀಯ?"

ಅಷ್ಟರಲ್ಲಿ ಬೆಳ್ಳೂರಿನ ಬಸ್ಸು ಬಂತು. ಕರಿಸಿದ್ದಯ್ಯ ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತುತ್ತಾ ತಿರುಗಿದರು.

"ನಾಳೀಕೆ. ನಮ್ಮವ್ವ ಆಟೋದೋನ್ಗೆ ಈಗ್ಲೇ ಏಳ್‌ಬುಟ್ಟವ್ಳೆ. ಮರದ್ ತಾವ ಆರನ್ ಒಡೀಬ್ಯಾಡ ಕಣಪ್ಪ, ಅಲ್ಲೂ ಬಾಣಂತೀರವ್ರೆ ಅಂತ."