ಹಂದಿ ಹಿಡಿಯದ ಬೇಟೆನಾಯಿ

ತೆ ಕುಯಿತಿ ಊರಿನ ಪಶುವೈದ್ಯರ ಬಳಿ ನನ್ನ ಬೆಕ್ಕಿನ ಸರದಿಗೆ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಹಂದಿ ಬೇಟೆಯ ಇಬ್ಬರು ಗೆಳೆಯರು, ಹೊಹೆಪಾ ಮತ್ತು ಕಾಲಿನ್. ಹೊಹೆಪಾನ ಕಾಲಬುಡದಲ್ಲಿ ಅವನೇ ಎರಡು ತಳಿ ಬೆರೆಸಿ ಹುಟ್ಟಿಸಿದ ಉದ್ದ ಕಾಲಿನ ನಾಯಿ.

“ತಾಯಿ ಗ್ರೇಹೌಂಡು. ಓಟ ಅವಳದ್ದು,” ಎಂದ ಹೊಹೆಪಾ.

“ಅಪ್ಪ?”

“ನಮ್ಮ ಕುರಿ ಅಟ್ಟೋ ನಾಯಿ. ಬೊಗಳೋಕೆ ಗಂಟ್ಲು ಬೇಕಲ್ಲ.”

“ಕುರಿನಾಯಿ ಮಗ ಹಂದಿ ಹಿಡೀತಾನೇನೋ?”

“ಹಿಡಿಯಲ್ಲ, ಅದೇ ತಾಪತ್ರಯ. ಭಾನುವಾರ ಕಾಡಿಗೆ ಬಿಟ್ಟೆ. ಒಂದು ಹಂದೀನ ಬೊಗಳ್ಕೊಂಡು ಗುಡ್ಡ ಇಳಿಸಿ, ಗೇಟು ದಾಟಿಸಿ, ನಮ್ಮ ಕುರಿದೊಡ್ಡಿಗೇ ತಂದು ನಿಲ್ಲಿಸ್ದ.”

“ಹೊತ್ತು ತರೋ ಕಷ್ಟ ತಪ್ತಲ್ಲ ಮಾರಾಯ. ನಮ್ಮನೆಗೆ ಒಂದು ತೊಡೆನಾದ್ರೂ ಕಳಿಸ್ಬಾರ್ದಿತ್ತಾ?”

“ನಾನು ಚಾಕು ತರೋಷ್ಟರಲ್ಲಿ ನನ್ನ ಹೆಂಡ್ತಿ ಅದಕ್ಕೆ ಕುಯಿನಿ, ಅಂದ್ರೆ ರಾಣಿ, ಅಂತ ಹೆಸರಿಟ್ಟು ಗೆಣಸು ತಿನ್ನಿಸ್ತಾ ಕೂತಿದ್ಳು.”

ಕಾಲಿನ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

“ಹೋಗ್ಲಿ, ಈಗ ನಾಯಿಗೇನಾಗಿದೆ?”

“ನಾಯಿಗೇನೂ ಆಗಿಲ್ಲ.”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಚೀಟಿ ನೋಡಿದಳು. “ಕುಯಿನಿ, ಕಾಲಿಗೆ ಮುಳ್ಳು. ಒಳಗೆ ಕರ್ಕೊಂಡು ಬನ್ನಿ.”

ಹೊಹೆಪಾ ತಲೆ ತಗ್ಗಿಸಿ ತನ್ನ ಪಿಕಪ್ಪಿನ ಕಡೆ ಹೊರಟ. ಸ್ವಲ್ಪ ಹೊತ್ತಿಗೆ ಕುಂಟುವ ಹಂದಿಯೊಂದು ನಮ್ಮೆಲ್ಲರ ನಡುವೆ ಹಾದು ನೇರ ವೈದ್ಯರ ಕೋಣೆಗೆ ಹೋಯಿತು. ಹಿಂದೆಯೇ ನಾಯಿ, ಎದೆಯುಬ್ಬಿಸಿ ಬೊಗಳುತ್ತಾ.