ಕಣ್ಣಾಸ್ಪತ್ರೆಯ ಟೋಕನ್

ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು, ಬೆಳಗಿನ ಆರಕ್ಕೆ ಒದ್ದೆ ಕೈಯಲ್ಲೇ ಫೋನಿನಲ್ಲಿ ಮಗಳಿಗೊಂದು ಟೋಕನ್ ಹಿಡಿದೆ. ಒಂಬತ್ತಕ್ಕೆ ನಾವು ಕಣ್ಣಾಸ್ಪತ್ರೆ ತಲುಪಿದಾಗ, ಕಿಟಕಿಯ ಮುಂದೆ ಒಬ್ಬಾಕೆ ತನ್ನ ಮುದಿ ತಾಯಿಯ ಕೈ ಹಿಡಿದು ನಿಂತಿದ್ದಳು.

“ಫೋನಲ್ಲೇ ತಗೋಬೇಕಮ್ಮ. ಇವತ್ತಿಂದು ಆರು ಗಂಟೆ ಐದು ನಿಮಿಷಕ್ಕೇ ಮುಗೀತು,” ಎಂದ ಗುಮಾಸ್ತ.

“ನಾಲ್ಕು ದಿನ ನೀರಿನ ಟ್ಯಾಂಕ್ ಹತ್ತಿದೆ ಸ್ವಾಮಿ. ನಮ್ಮೂರಲ್ಲಿ ಸಿಗ್ನಲ್ ಸಿಗೋದು ಅದರ ಮೇಲೇನೇ. ಓಟಿಪಿ ಬರೋಷ್ಟರಲ್ಲಿ ಟೋಕನ್ ಖಾಲಿ.”

“ನಾಳೆ ಇನ್ನೊಂದ್ಸಲ ನೋಡಿ.”

“ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದನ್ನ ಈ ವಾರದೊಳಗೆ ತೋರಿಸಿ ಅಂದೋರು ನಿಮ್ಮ ಡಾಕ್ಟ್ರೇ. ಅದಕ್ಕೇ ಮೊದಲ್ನೇ ಬಸ್ಸಿಗೆ ಬಂದು, ಬಾಗಿಲು ತೆಗೆಯೋಕೂ ಮುಂಚೆಯಿಂದ ನಿಂತಿದೀವಿ.”

“ನನ್ನ ಕೈಲಿ ಏನಿದೆಯಮ್ಮ? ನಂಬರ್ ಇಲ್ದೆ ಕಂಪ್ಯೂಟರ್ ಹೆಸರು ತಗೊಳ್ಳಲ್ಲ.”

ಮುದುಕಿ ಮಗಳ ಸೆರಗು ಜಗ್ಗಿದಳು. “ನಡಿಯೇ. ನಾಳೆ ನಾನೇ ಹತ್ತುತೀನಿ. ಕಣ್ಣು ಕಾಣದೋರಿಗೆ ಎತ್ತರದ ಭಯ ಇರಲ್ಲ.”

“ಸುಮ್ನಿರಮ್ಮ. ಮೆಟ್ಲಿದೆ, ನೋಡ್ಕೊಂಡು.”

ಒಂದೊಂದೇ ಮೆಟ್ಟಿಲಿಳಿದು ಇಬ್ಬರೂ ಹೋದರು. ಒಳಗಿನಿಂದ ನಮ್ಮ ನಂಬರ್ ಕೂಗಿದರು. ನನ್ನ ಮಗಳು ಕುಳಿತಲ್ಲಿಂದ ಏಳಲಿಲ್ಲ.

“ಅಮ್ಮ, ಅವರು ನಮಗಿಂತ ಮುಂಚೆ ಬಂದಿದ್ರಲ್ವಾ?”